ಹದಿನೈದು ಎಣಿಸುವ ತನಕ

ಮಾರ್ಚ್ ೪

ಮನೆಯ ಸೊಸೆಗೆ,

ನೀನು ಹೋಗಿ ಹತ್ತು ದಿನವಾಯಿತು. ಫೋನ್ ಮಾಡಿದರೆ ನಿನ್ನ ಅಕ್ಕ ಎತ್ತುತ್ತಾಳೆ. "ಅವಳು ಮಾತಾಡಲ್ವಂತೆ. ಏನಿದ್ರೂ ಬರೆದು ಕಳಿಸ್ಬೇಕಂತೆ" ಎನ್ನುತ್ತಾಳೆ. ಸರಿ, ಬರೆಯುತ್ತಿದ್ದೇನೆ. ಹೈಸ್ಕೂಲು ಮುಗಿಸಿದವಳು ನಾನು. ಕಾಗದ ಬರೆಯಲು ಬಾರದೆ ಫೋನ್ ಹಿಡಿದವಳಲ್ಲ.

ಐದು ತಿಂಗಳ ಬಸುರಿ ಗಂಡನ ಮನೆ ಬಿಟ್ಟು ಅಕ್ಕನ ಮನೆಯಲ್ಲಿ ಕೂತರೆ ಬೀದಿಯವರು ಏನೆಂದುಕೊಳ್ಳುತ್ತಾರೆ ಎಂದು ಯೋಚಿಸಿದ್ದೀಯಾ? ಎದುರಿನ ಗುಂಡಿ, ದಾರ ಮಾರುವ ಅಂಗಡಿಯವಳಿಗೆ ರೇಡಿಯೋ ಎಂದು ಹೆಸರಿಟ್ಟವಳು ನೀನೇ. ಆ ರೇಡಿಯೋಗೆ ಈಗ ದಿನಕ್ಕೆ ಮೂರು ಹೊತ್ತು ವಾರ್ತೆ ಓದಲು ವಿಷಯ ಸಿಕ್ಕಿದೆ. ನಿನ್ನೆ ನನ್ನನ್ನೇ ತಡೆದು, "ಏನಮ್ಮಾ, ಸೊಸೆ ಸಿಗರೇಟು ಬಿಟ್ಲೋ, ಮನೆ ಬಿಟ್ಲೋ?" ಎಂದಳು. ನಾನು ಸೆರಗು ಎಳೆದುಕೊಂಡು ಒಳಗೆ ಬಂದೆ.

ಅವತ್ತು ನಡೆದದ್ದಕ್ಕೆ ನಾನು ಹೊಣೆಯಲ್ಲ. ತಿಂಗಳಿಗೊಮ್ಮೆ ನರ್ಸಮ್ಮ ಬಂದು ಬೀದಿಯ ಬಸುರಿಯರನ್ನು ನೋಡಲಿ ಎಂದು ನಮ್ಮ ಮುಂದಿನ ಕೋಣೆ ಬಿಟ್ಟುಕೊಟ್ಟವಳು ನಾನು. ಈ ಸಲ ಅವಳು ಉಸಿರು ಅಳೆಯುವ ಯಂತ್ರ ತರುತ್ತಾಳೆ ಎಂದು ನನಗೇನು ಕನಸು ಬಿದ್ದಿತ್ತೇ? ಹದಿನೈದು ಎಣಿಸುವ ತನಕ ಉಸಿರು ಹಿಡಿದು ರಟ್ಟಿನ ಕೊಳವೆಯಲ್ಲಿ ಊದಬೇಕು, ಉಸಿರಿನಲ್ಲಿ ಕೆಟ್ಟ ಗಾಳಿ ಎಷ್ಟಿದೆ ಎಂದು ಅದು ಅಂಕಿ ತೋರಿಸುತ್ತದೆ. ಏಳು ಜನ ಊದಿದರು. ಯಾರದೂ ನಾಲ್ಕು ದಾಟಲಿಲ್ಲ. ನಿನ್ನದು ಹತ್ತೊಂಬತ್ತು. ಕೆಂಪು ದೀಪ.

"ಮನೇಲಿ ಸೌದೆ ಒಲೆ, ಇದ್ದಿಲು, ಕೆಂಡ ಏನಾದ್ರೂ ಇದ್ಯಾ?" ಎಂದು ನರ್ಸಮ್ಮ ಕೇಳಿದಳು. "ಎಲ್ಲಾ ಗ್ಯಾಸು, ಕರೆಂಟು" ಎಂದೆ. "ಯಾರಾದ್ರೂ ಸೇದ್ತಾರಾ?" "ಇಲ್ಲ." "ಹಾಗಾದ್ರೆ ಇಷ್ಟು ಹೇಗಮ್ಮ ಬರತ್ತೆ?" ಎಂದು ಅವಳು ನಿನ್ನ ಮುಖ ನೋಡಿದಳು. ನೀನು ನನ್ನ ಮುಖ ನೋಡಿದೆ. ನಿನ್ನ ಏಪ್ರನ್ನಿನ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತು. ಸಿಕ್ಕಿದ್ದು ಸಿಕ್ಕಿತು. ಅದರ ಮಾತು ನಾನು ಮತ್ತೆ ಎತ್ತುವುದಿಲ್ಲ. ದೊಡ್ಡ ಮನಸ್ಸು ಮಾಡಿ ಮರೆತಿದ್ದೇನೆ.

ನೀನೂ ಮರೆತು ಬಾ. ಹೆರಿಗೆ ಆಸ್ಪತ್ರೆಯಿಂದ ಇಸ್ತ್ರಿಗೆ ಬಂದ ಬಿಳಿ ಕೋಟುಗಳು ಆಳೆತ್ತರ ಬಿದ್ದಿವೆ. ಗುರುವಾರ ವ್ಯಾನು ಬರುತ್ತದೆ.

ಇಂತಿ,
ನಿನ್ನ ಅತ್ತೆ, ಮನೆಯ ಯಜಮಾನಿ


ಮಾರ್ಚ್ ೧೨

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನಾನು ಹೂಂ ಎಂದುಬಿಡುತ್ತೇನೆ. ಮೂರು ವರ್ಷದ ಅಭ್ಯಾಸ. ಅದಕ್ಕೇ ಬರೆಯಿರಿ ಎಂದೆ.

ಇಲ್ಲಿಗೆ ಬಂದ ನಾಲ್ಕನೆಯ ದಿನ ಅಕ್ಕ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯೂ ಅಂಥದ್ದೇ ಯಂತ್ರ ಇತ್ತು. ಊದಿದೆ. ಎರಡು ಬಂತು. "ವೆರಿ ಗುಡ್, ಬಿಟ್ಬಿಟ್ಟಿದ್ದೀರಲ್ಲ" ಎಂದು ಡಾಕ್ಟರಮ್ಮ ಮೆಚ್ಚಿಕೊಂಡರು. ನಾನು ಬಿಟ್ಟದ್ದು ಏನನ್ನು ಅತ್ತೆ? ಇಸ್ತ್ರಿ ಮಾಡುವುದನ್ನು. ಹಿಂದಿನ ಕೋಣೆಯಲ್ಲಿ, ಮೊಳೆ ಹೊಡೆದು ಮುಚ್ಚಿದ ಕಿಟಕಿಯ ಪಕ್ಕ, ಕೆಂಡ ತುಂಬಿದ ಇದ್ದಿಲು ಪೆಟ್ಟಿಗೆ ಹಿಡಿದು ದಿನಕ್ಕೆ ಆರು ಗಂಟೆ ನಿಲ್ಲುವುದನ್ನು.

ನನ್ನ ತಪಾಸಣೆ ಕಾರ್ಡಿನಲ್ಲಿ "ಸೇದುವ ಅಭ್ಯಾಸವಿದೆ" ಎಂದು ನಮ್ಮ ನರ್ಸಮ್ಮ ಬರೆದಿದ್ದಾರೆ. ಆ ಕಾರ್ಡು ತೋರಿಸದೆ ಇಲ್ಲಿ ಏನೂ ನಡೆಯುವುದಿಲ್ಲ. ತೂಕ ನೋಡುವವಳು ಮೊದಲು ಕಾರ್ಡು ಓದುತ್ತಾಳೆ, ಆಮೇಲೆ ನನ್ನ ಬೆರಳು ನೋಡುತ್ತಾಳೆ, ಆಮೇಲೆ ಮುಖ. ಇದ್ದಿಲಿನ ವಿಷಯ ನಾನು ಹೇಳಿದೆ. "ನಿಮ್ಮನೇಲಿ ಅದೆಲ್ಲ ಇಲ್ಲ ಅಂತ ಬರೆದಿದೆಯಲ್ಲ, ಮನೆಯವರೇ ಹೇಳಿದ್ದಂತಲ್ಲ" ಎಂದರು. ಬರೆದ ನರ್ಸಮ್ಮನೇ ತಿದ್ದಿಕೊಡಬೇಕಂತೆ. ಮನೆಯವರು ಹೇಳಿದರೆ ಮಾತ್ರ ಅವರು ತಿದ್ದುತ್ತಾರೆ.

ನಿಮ್ಮ ಮಗನಿಗೆ ಹೇಳಿದೆ. ಭಾನುವಾರ ಲಾರಿ ನಿಲ್ಲಿಸಿ ಬಂದಿದ್ದರು. "ಅಮ್ಮ ಹೇಳದೆ ನಾನು ಹೇಗೆ ಹೇಳ್ಲಿ?" ಎಂದು ಎರಡು ಲೋಟ ಟೀ ಕುಡಿದು ಹೋದರು.

ಆ ಬೆಂಕಿಪೊಟ್ಟಣ ನನ್ನ ಜೇಬಿಗೆ ಹೇಗೆ ಬಂತು ಎಂದು ನೀವು ಒಂದು ಸಾಲು ಬರೆಯಿರಿ. ಅದನ್ನೇ ನರ್ಸಮ್ಮನಿಗೂ ಹೇಳಿ. ದೊಡ್ಡ ಮನಸ್ಸು ನಿಮ್ಮ ಹತ್ತಿರವೇ ಇರಲಿ, ನನಗೆ ಆ ಒಂದು ಸಾಲು ಸಾಕು.

ನಿಮ್ಮ ಸೊಸೆ


ಮಾರ್ಚ್ ೧೮

ಸೊಸೆಗೆ,

ನಿನ್ನ ಕಾಗದ ಬಂತು. ಅಕ್ಷರ ದುಂಡಗಿದೆ, ಮಾತು ಚೂಪಾಗಿದೆ.

ಇದ್ದಿಲಿಗೆ ಹೊಗೆ ಎಲ್ಲಿದೆ? ನಲವತ್ತು ವರ್ಷದಿಂದ ನಾನು ಆ ಪೆಟ್ಟಿಗೆ ಹಿಡಿದಿದ್ದೇನೆ. ಅಂಗಳದಲ್ಲಿ ಹೊತ್ತಿಸಿ, ಹೊಗೆಯೆಲ್ಲ ಆರಿ, ಕೆಂಡ ಕೆಂಪಗೆ ನಿಗಿನಿಗಿ ಎಂದ ಮೇಲೇ ಒಳಗೆ ತರುವುದು. ಹೊಗೆ ಇದ್ದಿದ್ದರೆ ಗೋಡೆ ಕಪ್ಪಾಗಬೇಕಿತ್ತು, ಡಾಕ್ಟರುಗಳ ಕೋಟು ಕಪ್ಪಾಗಬೇಕಿತ್ತು. ನಮ್ಮ ಕೈಯಿಂದ ಹೋದ ಬಿಳಿ ಬಟ್ಟೆಯಲ್ಲಿ ಒಂದು ಚುಕ್ಕೆ ತೋರಿಸಲಿ. ಕಿಟಕಿ ಮುಚ್ಚಿರುವುದೇ ಅದಕ್ಕೆ. ಗಾಳಿ ಬಂದರೆ ಬೂದಿ ಏಳುತ್ತದೆ, ಎದ್ದ ಬೂದಿ ಸೀದಾ ಹೋಗಿ ಕೂರುವುದು ಬಿಳಿಯ ಮೇಲೆ. ಇದನ್ನು ಬಂದ ಮೊದಲ ದಿನವೇ ನಿನಗೆ ಹೇಳಿಕೊಟ್ಟಿದ್ದೆ.

ಕರೆಂಟ್ ಪೆಟ್ಟಿಗೆ ಮುಂದಿನ ಕೋಣೆಯ ಮೇಜಿನ ಮೇಲೆ ಯಾಕಿದೆ ಎಂದು ನಿನಗೂ ಗೊತ್ತು. ಹಿಂದೊಮ್ಮೆ ಕಿಡಿ ಬಿದ್ದು ಒಂದು ಕೋಟು ಸುಟ್ಟಾಗ ಆಸ್ಪತ್ರೆಯ ಹೆಡ್ ನರ್ಸು, "ಇನ್ಮೇಲೆ ಕರೆಂಟಿನದ್ದೇ ಆದ್ರೆ ಬಟ್ಟೆ ಕೊಡ್ತೀವಿ" ಎಂದಳು. ಅದನ್ನು ಕೊಂಡು ತಂದೆ. ಬಾಗಿಲಿಗೆ "ಇಲ್ಲಿ ಕರೆಂಟ್ ಇಸ್ತ್ರಿ" ಎಂದು ಬೋರ್ಡು ಹಾಕಿಸಿದೆ. ಆದರೆ ಆ ಪೆಟ್ಟಿಗೆ ಗುಬ್ಬಚ್ಚಿಯಷ್ಟು ಹಗುರ. ಬಟ್ಟೆಯ ಮೇಲೆ ಕೂತದ್ದೇ ಗೊತ್ತಾಗುವುದಿಲ್ಲ. ನಮ್ಮ ಮಡಿಕೆಯ ಅಂಚಿನಲ್ಲಿ ಬೆಣ್ಣೆ ಕೊಯ್ಯಬಹುದು ಎಂದು ಆ ಹೆಡ್ ನರ್ಸೇ ಹೊಗಳಿದ್ದು ಇದ್ದಿಲು ಪೆಟ್ಟಿಗೆಯ ಮಡಿಕೆಯನ್ನು. ಅವಳಿಗೆ ಅದು ಗೊತ್ತಿಲ್ಲ, ಅಷ್ಟೇ.

ಈಗ ನಾನು ಹೋಗಿ ಸುಳ್ಳು ಹೇಳಿದ್ದೆ ಎಂದರೆ ಕೋಟುಗಳು ಬೇರೆ ಮನೆಗೆ ಹೋಗುತ್ತವೆ, ಹೆಸರು ಅದಕ್ಕೂ ಮೊದಲೇ ಹೋಗುತ್ತದೆ. ನಿನಗೆ ಅದು ಒಂದು ಸಾಲು. ನನಗೆ ಆಸ್ಪತ್ರೆಯ ಹದಿನೆಂಟು ವರ್ಷದ ಕೆಲಸ.

ನೀನಿಲ್ಲವೆಂದು ಕೆಲಸ ನಿಂತಿಲ್ಲ. ನಾನೇ ನಿಂತಿದ್ದೇನೆ. ಸ್ವಲ್ಪ ತಲೆನೋವು, ಬಿಸಿಲು ಜಾಸ್ತಿ ಈ ಸಲ.

ಅತ್ತೆ


ಏಪ್ರಿಲ್ ೯

ಸೊಸೆಗೆ,

ಮೂರು ವಾರವಾದರೂ ನಿನ್ನಿಂದ ಕಾಗದವಿಲ್ಲ. ಮಗನನ್ನು ಕೇಳಿದರೆ, "ಚೆನ್ನಾಗಿದ್ದಾಳೆ" ಎಂದು ತಟ್ಟೆ ನೋಡಿಕೊಂಡು ಉಣ್ಣುತ್ತಾನೆ.

ಕಳೆದ ಮಂಗಳವಾರ ನಾಲ್ಕನೆಯ ಕೋಟು ಮಡಿಸುತ್ತಿದ್ದೆ. ಕೋಣೆ ಗಿರ್ರನೆ ತಿರುಗಿತು. ಮೇಜು ಹಿಡಿದುಕೊಂಡೆ. ತಲೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟುತ್ತಿದ್ದ ಹಾಗೆ. ಹೇಗೋ ಅಂಗಳಕ್ಕೆ ಬಂದು ಕೂತೆ. ಅರ್ಧ ಗಂಟೆಯಲ್ಲಿ ಇಳಿಯಿತು. ಆಗ ನಿನ್ನ ಮಾತು ನೆನಪಾಯಿತು. "ಹೊರಗೆ ಹೋಗಿ ಕೂತ್ರೆ ಸರಿಹೋಗತ್ತೆ ಅತ್ತೆ" ಎನ್ನುತ್ತಿದ್ದೆ. "ಕೆಲ್ಸ ಬಿಟ್ಟು ಕೂತ್ರೆ ಯಾರಿಗ್ ತಾನೆ ಸರಿಹೋಗಲ್ಲ?" ಎಂದು ನಾನು ಅನ್ನುತ್ತಿದ್ದೆ.

ಮರುದಿನ ಬೆಳಿಗ್ಗೆ ಒಂಬತ್ತರ ತನಕ ಇಸ್ತ್ರಿ ಮಾಡಿ, ಎರಡು ಬಸ್ಸು ಬದಲಿಸಿ, ನನ್ನ ಗುರುತು ಯಾರಿಗೂ ಇಲ್ಲದ ಒಂದು ಆಸ್ಪತ್ರೆಗೆ ಹೋದೆ. ಉಸಿರು ನೋಡಿ ಎಂದೆ. ಚಿಕ್ಕ ವಯಸ್ಸಿನ ನರ್ಸು. ಬಾಗಿಲ ಪಕ್ಕದ ಬೆಂಚಿನಲ್ಲೇ ಕೂರಿಸಿ ಊದಿಸಿದಳು. ಹದಿನೈದು ಎಣಿಸುವುದು ಎಷ್ಟು ದೂರ ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಇಪ್ಪತ್ತೇಳು ಬಂತು.

"ಅಜ್ಜೀ, ದಿನಕ್ಕೆ ಎಷ್ಟು ಸೇದ್ತೀರಿ?" ಎಂದಳು. ನಾನು ಕಿವುಡಿ ಎಂದುಕೊಂಡಿರಬೇಕು, ಅಷ್ಟು ಗಟ್ಟಿಯಾಗಿ.

ಹಿಂದೆ ನಿಂತಿದ್ದ ಮುದುಕ, "ಯಾವ ಕಂಪನೀದು ಅಜ್ಜಿ? ನಮ್ಗೂ ಹೇಳಿ, ನಮ್ದು ಇಷ್ಟು ಏರೋದೇ ಇಲ್ಲ" ಎಂದ. ಸಾಲು ಪೂರ್ತಿ ನಕ್ಕಿತು. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನನ್ನ ಪಕ್ಕದಿಂದ ಎದ್ದು ಹೋದಳು.

"ನಾನು ಇಸ್ತ್ರಿಯವಳು" ಎಂದೆ. ಬಾಯಿಂದ ತಾನಾಗಿಯೇ ಬಂತು. ನರ್ಸು ಯಂತ್ರ ಬದಿಗಿಟ್ಟಳು. ಒಳಗೆ ಕರೆದು ಕೂರಿಸಿ ಎಲ್ಲ ಕೇಳಿದಳು, ಕಿಟಕಿಯನ್ನೂ ಕೇಳಿದಳು. "ಹೊಗೆ ಕಣ್ಣಿಗೆ ಕಾಣತ್ತೆ ಅಮ್ಮ, ಎದ್ದು ಹೊರಗೆ ಹೋಗ್ತೀವಿ. ಈ ಕೆಟ್ಟ ಗಾಳಿ ಕಾಣಲ್ಲ, ವಾಸನೇನೂ ಇಲ್ಲ. ಕೆಂಡ ಕೆಂಪಗೆ ಹೊಳೀತಾ ಇರುವಾಗ್ಲೂ ಇದು ಬರ್ತಾನೇ ಇರತ್ತೆ. ಬಸುರಿಯರಿಗಂತೂ ಬಲು ಕೆಟ್ಟದ್ದು. ತಾಯಿ ಉಸಿರಲ್ಲಿ ಇದ್ದದ್ದು ಮಗುವಿನ ರಕ್ತಕ್ಕೂ ಹೋಗತ್ತೆ" ಎಂದಳು.

ನಿನಗೆ ಗೊತ್ತಿಲ್ಲದ ಒಂದು ವಿಷಯ. ನಿನ್ನ ಗಂಡನಿಗಿಂತ ಮೊದಲು ಒಬ್ಬಳಿದ್ದಳು. ಹುಟ್ಟಿದಳು, ಅಳಲಿಲ್ಲ. ಹಿಂದಿನ ಸಂಜೆಯ ತನಕ ನಾನು ಅದೇ ಕೋಣೆಯಲ್ಲಿ ನಿಂತಿದ್ದೆ. ಅದಕ್ಕೆ ಇದು ಕಾರಣವೋ ಎಂದು ಆ ಹುಡುಗಿಯನ್ನು ಕೇಳಿದೆ. "ಈಗ ಹೇಗಮ್ಮ ಹೇಳೋದು?" ಎಂದಳು. ಹೌದು. ಈಗ ಹೇಗೆ ಹೇಳುವುದು.

ಇದನ್ನು ನಿನಗೊಬ್ಬಳಿಗೇ ಬರೆದಿದ್ದೇನೆ. ಓದಿ ಹರಿದುಹಾಕು.

ಅತ್ತೆ


ಏಪ್ರಿಲ್ ೨೦

ಅತ್ತೆಯವರಿಗೆ,

ಹರಿದಿಲ್ಲ. ಹರಿಯಲು ಕೈ ಬರಲಿಲ್ಲ. ಆ ಮಗುವಿನ ವಿಷಯ ಯಾರೂ ನನಗೆ ಹೇಳಿರಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಓದಿದೆ.

ಆದರೂ ಒಂದು ಮಾತು ಬರೆಯದೆ ಇರಲಾರೆ. ನಿಮ್ಮನ್ನು ನೋಡಿ ನಕ್ಕವರು ಗುರುತಿಲ್ಲದವರು. ನೀವು ಇಸ್ತ್ರಿಯವಳು ಎಂದಿರಿ, ಆ ನರ್ಸು ನಂಬಿದಳು. ನಾನೂ ಅವತ್ತು ಅದನ್ನೇ ಹೇಳಬಹುದಿತ್ತು. ನೀವು ಪಕ್ಕದಲ್ಲೇ ನಿಂತಿದ್ದಿರಿ, ನೀವೇ ಹೇಳುತ್ತೀರಿ ಎಂದುಕೊಂಡು ಉಸಿರು ಹಿಡಿದುಕೊಂಡೇ ಇದ್ದೆ. ಯಂತ್ರಕ್ಕೆ ಹದಿನೈದು ಎಣಿಸಿದರೆ ಸಾಕು. ನಿಮಗಾಗಿ ಎಷ್ಟು ಎಣಿಸಿದೆನೋ ನನಗೇ ಗೊತ್ತಿಲ್ಲ.

ಎರಡು ಹಾಳೆ ಬರೆದಿದ್ದೀರಿ, ಬೆಂಕಿಪೊಟ್ಟಣದ ಸಾಲು ಮಾತ್ರ ಇಲ್ಲ.

ಆ ಪೆಟ್ಟಿಗೆ ಇನ್ನು ಮುಟ್ಟಬೇಡಿ.

ಸೊಸೆ


ಮೇ ೫

ಸೊಸೆಗೆ,

ಬರೆಯಲು ಕೂತೆ. ಮೂರು ಹಾಳೆ ಹಾಳಾಯಿತು.

ಹಿಂದಿನ ಕೋಣೆಯ ಕಿಟಕಿಯ ಮೊಳೆ ಕಿತ್ತೆ. ಒಂಬತ್ತು ಇದ್ದವು. ಹೊಡೆದದ್ದೂ ನಾನೇ, ಒಂದು ಕಿಟಕಿಗೆ ಒಂಬತ್ತು ಯಾಕೆ ಬೇಕಿತ್ತೋ.

ಇವತ್ತಿಗೆ ಇಷ್ಟೇ.

ಅತ್ತೆ


ಮೇ ೨೯

ಮಗಳೇ,

ಆ ಬೆಂಕಿಪೊಟ್ಟಣ ನಾನು ಕೊಟ್ಟದ್ದು.

ಅವತ್ತು ಬೆಳಿಗ್ಗೆ ಆರೂವರೆಗೆ, ಇದ್ದಿಲು ಹೊತ್ತಿಸಲು ಕೊಟ್ಟೆ. ನಿನ್ನ ಕೈ ಒದ್ದೆಯಾಗಿತ್ತು, ಕಡ್ಡಿ ತೇವವಾದೀತು ಎಂದು ನಾನೇ ನಿನ್ನ ಏಪ್ರನ್ನಿನ ಬಲಗಡೆಯ ಜೇಬಿಗೆ ಹಾಕಿದೆ. ನಾಲ್ಕು ಗಂಟೆ ಕಳೆದ ಮೇಲೆ ಅದೇ ಜೇಬಿಗೆ ಕೈ ಹಾಕಿ, ತೆಗೆದು, ಏಳು ಜನರ ಮುಂದೆ ಎತ್ತಿ ಹಿಡಿದೆ. ಬೀದಿಯವರು ಅದನ್ನು ಹುಡುಕಾಟ ಎಂದುಕೊಂಡರು. ನಾನು ಎಲ್ಲಿಯೂ ಹುಡುಕಲಿಲ್ಲ. ಎಲ್ಲಿದೆ ಎಂದು ಗೊತ್ತಿದ್ದವಳ ಕೈ ಹೋದ ಹಾಗೆ ಕೈ ಸೀದಾ ಅಲ್ಲಿಗೇ ಹೋಯಿತು. ನೀನು ಸೇದುತ್ತೀಯ ಎಂದು ನಾನು ಒಂದು ಗಳಿಗೆಯೂ ನಂಬಿರಲಿಲ್ಲ. ಇದ್ದಿಲಿನಿಂದ ಹಾಗಾಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ, ಅದು ನಿಜ. ಆದರೆ ನೀನು ಸೇದುವವಳಲ್ಲ ಎಂಬುದು ಗೊತ್ತಿತ್ತು. ಮೇಜಿನ ಮೇಲಿನ ಕರೆಂಟ್ ಪೆಟ್ಟಿಗೆಯ ಕಡೆಗೆ ನರ್ಸಮ್ಮನ ಕಣ್ಣು ತಿರುಗಿತು. ಅಷ್ಟಕ್ಕೇ ನಿನ್ನನ್ನು ಮುಂದೆ ತಳ್ಳಿಬಿಟ್ಟೆ.

ಈ ಸಾಲನ್ನು ನಿನಗೆ ಬರೆದು ಅಲ್ಲಿಗೇ ಮುಗಿಸಬೇಕೆಂದು ಯೋಚನೆ ಮಾಡಿದ್ದೆ. ನಿನ್ನ ಹೆಸರು ಹೋದದ್ದು ಎಲ್ಲರ ಮುಂದೆ, ಬರುವುದು ಲಕೋಟೆಯೊಳಗೆ ಹೇಗೆ? ಅದಕ್ಕೆ ನರ್ಸಮ್ಮ ಬರುವ ದಿನಕ್ಕೆ ಕಾದೆ.

ನಿನ್ನೆ ಬಂದಳು. ಎಲ್ಲರೂ ಬಂದರು. ಗುಂಡಿ ಅಂಗಡಿಯವಳಂತೂ ಕೆಲಸವಿಲ್ಲದಿದ್ದರೂ ಬರುವವಳು. ನಾನು ಇದ್ದಿಲು ಪೆಟ್ಟಿಗೆಯನ್ನು ಹಿಂದಿನ ಕೋಣೆಯಿಂದ ತಂದು ಮೇಜಿನ ಮೇಲೆ, ಕರೆಂಟಿನದರ ಪಕ್ಕ ಇಟ್ಟೆ. ಇನ್ನೂ ಬಿಸಿ ಇತ್ತು.

"ಇದೇನಮ್ಮಾ, ವಸ್ತುಪ್ರದರ್ಶನಾನಾ?" ಎಂದಳು ಗುಂಡಿ ಅಂಗಡಿಯವಳು.

"ಹೂಂ. ಟಿಕೆಟ್ ಇಲ್ಲ, ಎಲ್ರೂ ನೋಡಿ" ಎಂದೆ. "ಈ ಮನೇಲಿ ದಿನಾ ಇಸ್ತ್ರಿ ಆಗೋದು ಇದ್ರಲ್ಲಿ. ಬಾಗಿಲ ಮೇಲಿನ ಬೋರ್ಡು ಸುಳ್ಳು. ಅವತ್ತು ನಾನು ಹೇಳಿದ್ದೂ ಸುಳ್ಳು. ನನ್ನ ಸೊಸೆ ಈ ಕೆಂಡದ ಮುಂದೆ ನಿಂತಿದ್ಲು. ಬೆಂಕಿಪೊಟ್ಟಣ ಅವಳ ಜೇಬಿಗೆ ಹಾಕಿದ್ದು ನಾನು, ತೆಗೆದು ತೋರಿಸಿದ್ದೂ ನಾನು."

ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಅಷ್ಟೇ ಬಂತು. ಗುಂಡಿ ಅಂಗಡಿಯವಳು ನಾಲ್ಕು ಮಾತು ಬೈದಿದ್ದರೆ ನನಗೆ ನಿಲ್ಲಲು ಸುಲಭವಾಗುತ್ತಿತ್ತು. ಅವಳು ತಲೆ ತಗ್ಗಿಸಿ ಚೀಲದ ದಾರ ಸುತ್ತುತ್ತಿದ್ದಳು.

"ಬಾಯಿ ಬಿಟ್ಟು ಕೇಳಿದ್ದೆನಲ್ಲಮ್ಮ" ಎಂದಳು ನರ್ಸಮ್ಮ. ಮೂರು ಸಲ ಅದನ್ನೇ ಅಂದಳು. ಆಮೇಲೆ, "ನಾನೂ ಎದ್ದು ಹಿಂದಿನ ಕೋಣೆ ನೋಡ್ಬೇಕಿತ್ತು" ಎಂದು ತನ್ನ ಕಡತದಿಂದ ನಿನ್ನ ಹಾಳೆ ತೆಗೆದಳು. ಯಂತ್ರ ಕೊಡು ಎಂದು ನಾನೇ ಕೇಳಿ ಊದಿದೆ. ಕಿಟಕಿ ತೆಗೆದಿಟ್ಟಿದ್ದರೂ ಹನ್ನೊಂದು. ಎಲ್ಲರೂ ನೋಡಿದರು. ನಿನ್ನ ಹೆಸರಿನ ಮುಂದಿದ್ದ ಸಾಲನ್ನು ಹೊಡೆದು, ಕೆಳಗೆ "ಮುಚ್ಚಿದ ಕೋಣೆಯಲ್ಲಿ ಇದ್ದಿಲು ಇಸ್ತ್ರಿ, ಅತ್ತೆಯ ಹೇಳಿಕೆ" ಎಂದು ಬರೆದಳು. ಸಹಿ ಮಾಡಿ ಎಂದಳು. ಹೈಸ್ಕೂಲಿನ ಸಹಿ, ಇಷ್ಟು ವರ್ಷ ಅದರ ಮೇಲೆ ಎಷ್ಟು ಜಂಬ ಇತ್ತು. ಸೊಟ್ಟಗೆ ಬಂತು. ಮೊಹರು ಹಾಕಿದ ಅದರ ನಕಲು ಇದರ ಜೊತೆಗಿದೆ, ಕಾರ್ಡಿಗೆ ಅಂಟಿಸು. ಈ ಕಾಗದವನ್ನೂ ಯಾರಿಗೆ ಬೇಕಾದರೂ ತೋರಿಸು.

ಮಧ್ಯಾಹ್ನ ಹೆರಿಗೆ ಆಸ್ಪತ್ರೆಗೆ ಹೋಗಿ ಹೆಡ್ ನರ್ಸಿಗೂ ಹೇಳಿದೆ. ಸಂಜೆಗೆ ವ್ಯಾನು ಬಂತು. ಒದ್ದೆ ಕೋಟುಗಳನ್ನೂ ಬಿಡದೆ ಒಯ್ದರು. ಹದಿನೆಂಟು ವರ್ಷ ನನಗೆ ನಮಸ್ಕಾರ ಹೇಳಿದ ಡ್ರೈವರು ಕೆಳಗೆ ನೋಡಿಕೊಂಡೇ ಗಂಟು ಎತ್ತಿದ. ಬೋರ್ಡು ಕಿತ್ತೆ. ಬಾಗಿಲಲ್ಲಿ ಅದಿದ್ದ ಜಾಗ ಬೆಳ್ಳಗೆ ಉಳಿದಿದೆ, ದೂರದಿಂದಲೇ ಕಾಣುತ್ತದೆ.

ನಾನು ನಿನ್ನನ್ನು ಬಾ ಎಂದು ಕರೆಯುವುದಿಲ್ಲ. ಕರೆಯುವ ಬಾಯಿ ನನಗೆ ಉಳಿದಿಲ್ಲ.

ಅತ್ತೆ


ಜುಲೈ ೬

ಅತ್ತೆಯವರಿಗೆ,

ನಿಮ್ಮ ಮಗ ಫೋನಿನಲ್ಲಿ ಹೇಳಿರುತ್ತಾರೆ. ಆದರೂ ಬರೆಯುತ್ತಿದ್ದೇನೆ. ಹೆಣ್ಣು. ಎರಡು ಕಿಲೋ ಎಂಟುನೂರು. ಹುಟ್ಟಿದ ಕೂಡಲೇ ಅತ್ತಳು. ಪಕ್ಕದ ವಾರ್ಡಿನವರು ಬಾಗಿಲು ಹಾಕಿಕೊಂಡರು, ಅಷ್ಟು ಗಟ್ಟಿಯಾಗಿ. ನಿಮಗೆ ಮೊದಲು ಹೇಳಬೇಕಾದದ್ದು ಅದೇ ಎನ್ನಿಸಿತು.

ನಿಮ್ಮ ಸಾಲನ್ನು ಎಷ್ಟು ಸಲ ಓದಿದೆನೋ. ತೂಕ ನೋಡುವವಳು ಈಗ ನನ್ನ ಬೆರಳು ನೋಡುವುದಿಲ್ಲ. ಆದರೆ ಸಿಟ್ಟು ಪೂರ್ತಿ ಹೋಗಿದೆ ಎಂದರೆ ಅದು ಸುಳ್ಳಾದೀತು. ನಮ್ಮಿಬ್ಬರ ನಡುವೆ ಸುಳ್ಳು ಸಾಕು. ಆ ಮನೆಗೆ ನಾನು ಬರುವ ಮಾತು ಈಗ ಬೇಡ.

ನೀವೇ ಬಂದು ನೋಡಿ. ಅಕ್ಕ ಮುಖ ಗಂಟು ಹಾಕಿಕೊಂಡಿರುತ್ತಾಳೆ, ಅದಕ್ಕೆ ತಯಾರಾಗಿ ಬನ್ನಿ. ಮಗುವಿನ ಮೈಯೆಲ್ಲ ಸುಕ್ಕುಸುಕ್ಕು. ಎಲ್ಲ ಮಕ್ಕಳೂ ಹಾಗೇ ಇರುತ್ತವಂತೆ. ನೀವು ಒಂದು ತಿಂಗಳು ಸಹಿಸಿಕೊಳ್ಳಬೇಕು, ಇಸ್ತ್ರಿ ಪೆಟ್ಟಿಗೆ ಕೇಳಬಾರದು.

ಸೊಸೆ


ಜುಲೈ ೯

ಮಗಳೇ,

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ.

ಮೊನ್ನೆ ಮತ್ತೆ ಊದಿದೆ, ಮೂರು ಬಂತು. ಈಗ ಬೀದಿಯವರ ನಾಲ್ಕಾರು ಬಟ್ಟೆ ಮಾತ್ರ ಬರುತ್ತವೆ, ಕರೆಂಟಿನದರಲ್ಲೇ ಮಾಡುತ್ತೇನೆ. ಅದು ಇನ್ನೂ ನನ್ನ ಕೈಗೆ ಒಗ್ಗಿಲ್ಲ, ಮಡಿಕೆ ನಿಲ್ಲುವುದಿಲ್ಲ. ನಾನು ಉಟ್ಟು ಬರುವುದರಲ್ಲೂ ಸುಕ್ಕು ಇರುತ್ತದೆ. ಬಸ್ಸಿನಲ್ಲಿ ನೋಡಿದವರು ನೋಡಲಿ.

ನಿನ್ನ ಅಕ್ಕನಿಗೆ ಮೊದಲೇ ಹೇಳಿರು. ಆ ಒಂದು ಸಾಲನ್ನು ಬಾಗಿಲಲ್ಲೇ ನಿಂತು ಅವಳ ಮುಂದೆಯೂ ಹೇಳುತ್ತೇನೆ. ಆಮೇಲೆ ಒಳಗೆ ಕರೆಯುವುದು ಬಿಡುವುದು ಅವಳ ಇಷ್ಟ. ಕರೆಯದಿದ್ದರೆ ಮಗುವನ್ನು ಕಿಟಕಿಯ ಹತ್ತಿರ ತಾ, ಹೊರಗಿನಿಂದಲೇ ನೋಡಿಕೊಂಡು ಬರುತ್ತೇನೆ.

ಕರೆದರೆ, ಮಗುವನ್ನು ನನ್ನ ಕೈಗೆ ಕೊಡುವ ಮೊದಲು ಬಿಸಿನೀರು, ಸೋಪು ಕೊಡು. ಉಗುರಿನೊಳಗಿನ ಇದ್ದಿಲ ಕಪ್ಪು ಇನ್ನೂ ಹೋಗಿಲ್ಲ. ದಿನಾ ಉಜ್ಜುತ್ತಿದ್ದೇನೆ.

ಅತ್ತೆ